ಮೇಣದಬತ್ತಿ ಎರಡಾದರೆ ನೀರು ಜಾಸ್ತಿ ಏರಿದ್ದು ಯಾಕೆ?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಶಾಲೆಯಲ್ಲಿ ಮಾಡಿಸಿದ ವಿಜ್ಞಾನದ ಪ್ರಯೋಗಗಳನ್ನೆಲ್ಲ ಮನೆಗೆ ಬಂದು ಮತ್ತೆ ಮಾಡಬೇಕು ಅನ್ನುತ್ತಾಳೆ. ನಾನು ವಿಜ್ಞಾನ ಓದಿದವಳಲ್ಲ. ಹೋದ ತಿಂಗಳು ಒಂದು ಕಿಟ್ ತಂದುಕೊಟ್ಟೆ, ಎರಡೇ ದಿನಕ್ಕೆ ಮುಗಿಯಿತು. ವಿಡಿಯೋ ನೋಡಿ ಮಾಡಿದ ಪ್ರಯೋಗಗಳಲ್ಲಿ ಅರ್ಧದಷ್ಟು ಕೆಡುತ್ತವೆ. ಮೊನ್ನೆ ತಟ್ಟೆಗೆ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟ ಬೋರಲು ಹಾಕಿದಳು. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು. ‘ಆಕ್ಸಿಜನ್ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು’ ಅಂದೆ. ನಾನು ಚಿಕ್ಕಂದಿನಲ್ಲಿ ಕಲಿತದ್ದು ಅದೇ, ಅವಳ ಶಾಲೆಯಲ್ಲಿ ಹೇಳಿದ್ದೂ ಅದೇ. ಆಮೇಲೆ ಅವಳೇ ಎರಡು ಬತ್ತಿ ಇಟ್ಟು ಮತ್ತೆ ಮಾಡಿದಳು. ನೀರು ಇನ್ನೂ ಮೇಲೆ ಹೋಯಿತು. ‘ಲೋಟ ಅದೇ, ಒಳಗಿನ ಗಾಳಿ ಅಷ್ಟೇ. ಆಕ್ಸಿಜನ್ ಜಾಸ್ತಿ ಎಲ್ಲಿಂದ ಬಂತು?’ ಅಂತ ಕೇಳಿದಳು. ನನ್ನ ಬಾಯಿ ಕಟ್ಟಿತು. ನಾನು ಏನಾದರೂ ತಪ್ಪು ಹೇಳಿ ಶಾಲೆಯಲ್ಲಿ ಕಲಿತದ್ದನ್ನೂ ಕೆಡಿಸುತ್ತಿದ್ದೇನಾ? ಪರೀಕ್ಷೆಯಲ್ಲಿ ಅವಳು ಏನು ಬರೆಯಬೇಕು? ಬೆಂಕಿ, ಬ್ಯಾಟರಿ, ಕೆಮಿಕಲ್ ಎಷ್ಟರ ಮಟ್ಟಿಗೆ ಕೊಡಬಹುದು? ಐದು ವರ್ಷದ ತಮ್ಮನೂ ಪಕ್ಕದಲ್ಲೇ ಕೂತಿರುತ್ತಾನೆ. ಇನ್ನೊಂದು ದೊಡ್ಡ ಕಿಟ್ ತರಲಾ?

ಉತ್ತರ: ಕಿಟ್ ವಿಷಯ ಆಮೇಲೆ. ಮೊದಲು ನಿಮ್ಮ ಮಗಳ ಪ್ರಶ್ನೆ, ಯಾಕೆಂದರೆ ಅದು ಸರಿಯಾದ ಪ್ರಶ್ನೆ. ನಾನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಶುರುಮಾಡಿದ ಮೇಲೆ ಎಷ್ಟೋ ವರ್ಷ ‘ಆಕ್ಸಿಜನ್ ಖರ್ಚಾಯಿತು’ ಅಂತಲೇ ಹೇಳುತ್ತಿದ್ದೆ. ಒಬ್ಬ ಹುಡುಗ ಹೀಗೇ ಎರಡು ಬತ್ತಿ ಇಟ್ಟು ನನ್ನ ಬಾಯಿ ಮುಚ್ಚಿಸಿದ. ಆದ್ದರಿಂದ ನೀವು ನಾಚಿಕೊಳ್ಳಬೇಕಾದ್ದು ಏನೂ ಇಲ್ಲ.

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಬತ್ತಿ ಯಾಕೆ ಆರಿತು? ನೀರು ಯಾಕೆ ಏರಿತು? ಎರಡಕ್ಕೂ ಒಂದೇ ಉತ್ತರ ಅಂದುಕೊಂಡದ್ದೇ ಎಡವಟ್ಟು.

ಬತ್ತಿ ಆರಿದ್ದು ಆಕ್ಸಿಜನ್ ಸಾಲದೆ. ಇದು ನಿಜ. ಆದರೆ ಇಲ್ಲೂ ಒಂದು ಸೂಕ್ಷ್ಮ ಇದೆ. ಆಕ್ಸಿಜನ್ ಪೂರ್ತಿ ಮುಗಿದಿರುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಅದು ಸುಮಾರು ಶೇಕಡ 21. ಅದು ಶೇಕಡ 16ರ ಹತ್ತಿರಕ್ಕೆ ಇಳಿಯುವಷ್ಟರಲ್ಲಿ ಮೇಣದಬತ್ತಿ ಕೈಚೆಲ್ಲಿಬಿಡುತ್ತದೆ. ಬತ್ತಿ ಆರಿದ ಮೇಲೂ ಲೋಟದಲ್ಲಿ ಬೇಕಾದಷ್ಟು ಆಕ್ಸಿಜನ್ ಉಳಿದೇ ಇರುತ್ತದೆ. ಖರ್ಚಾದ ಆಕ್ಸಿಜನ್ ಕೂಡ ಮಾಯವಾಗಿಲ್ಲ. ಅದು ಮೇಣದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಹಬೆಯಾಗಿ ಅಲ್ಲೇ ಒಳಗಿದೆ.

ನೀರು ಏರಿದ್ದರ ಮುಖ್ಯ ಕಾರಣ ಬೇರೆ. ಉರಿಯುವ ಬತ್ತಿಯ ಸುತ್ತ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ನೀವು ಲೋಟ ಮುಚ್ಚಿದಾಗ ಒಳಗೆ ಸಿಕ್ಕಿದ್ದು ಈ ಹಿಗ್ಗಿದ ಗಾಳಿ. ಅದರಲ್ಲಿ ಒಂದಿಷ್ಟು ಲೋಟದ ಅಂಚಿನ ಕೆಳಗಿಂದ ಗುಳ್ಳೆಯಾಗಿ ಹೊರಗೂ ಹೋಗುತ್ತದೆ. ಬತ್ತಿ ಆರಿದ ಕೂಡಲೇ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹಬೆ ಹನಿಯಾಗುತ್ತದೆ. ಒಳಗಿನ ಒತ್ತಡ ಕಡಿಮೆಯಾಯಿತು. ಹೊರಗಿನ ಗಾಳಿ ತಟ್ಟೆಯ ನೀರನ್ನು ಒತ್ತಿ ಒಳಗೆ ದೂಡಿತು. ಬತ್ತಿ ಎರಡಾದರೆ ಬಿಸಿ ಜಾಸ್ತಿ, ಹೊರಗೆ ಹೋದ ಗಾಳಿ ಜಾಸ್ತಿ, ಆಮೇಲೆ ಏರುವ ನೀರೂ ಜಾಸ್ತಿ. ಆಕ್ಸಿಜನ್ನಿಗೂ ಇದರಲ್ಲಿ ಒಂದು ಸಣ್ಣ ಪಾಲು ಇದೆ, ಇಲ್ಲವೆಂದಲ್ಲ. ಆದರೆ ಕಣ್ಣಿಗೆ ಕಾಣುವ ಆ ಏರಿಕೆಯನ್ನು ಅದೊಂದೇ ಮಾಡಿಸಲಾರದು.

ನನ್ನ ಮಾತು ನಂಬಬೇಡಿ. ನಿಮ್ಮ ಮಗಳೂ ನಂಬಬಾರದು. ನೀರು ಏರುವ ಹೊತ್ತನ್ನು ನೋಡಲು ಹೇಳಿ. ಆಕ್ಸಿಜನ್ ಖರ್ಚಾಗುವುದೇ ಕಾರಣವಾಗಿದ್ದರೆ ಬತ್ತಿ ಉರಿಯುತ್ತಿರುವಾಗಲೇ ನೀರು ಒಂದೇ ಸಮ ಏರುತ್ತಾ ಹೋಗಬೇಕಿತ್ತು. ಹಾಗಾಗುವುದಿಲ್ಲ. ನೀರು ಜೋರಾಗಿ ನುಗ್ಗುವುದು ಜ್ವಾಲೆ ಸಣ್ಣದಾಗಿ ಆರುವ ಹೊತ್ತಿಗೆ. ಇನ್ನು ತಟ್ಟೆಯ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ, ಮುಚ್ಚಿದ ಕೂಡಲೇ ಅಂಚಿನಿಂದ ಹೊರಬೀಳುವ ಗುಳ್ಳೆಗಳು ಚೆನ್ನಾಗಿ ಕಾಣುತ್ತವೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬೆಂಕಿಯೇ ಇಲ್ಲದ ಪ್ರಯೋಗ. ಅದೇ ಲೋಟಕ್ಕೆ ಸ್ನಾನಕ್ಕೆ ಸಾಕಾಗುವಷ್ಟು ಬಿಸಿಯ ನೀರು ತುಂಬಿ ಒಂದು ನಿಮಿಷ ಬಿಡಿ. ಕುದಿಯುವ ನೀರು ಬೇಡ, ಗಾಜು ಸೀಳಬಹುದು. ನೀರು ಚೆಲ್ಲಿ ಲೋಟವನ್ನು ತಕ್ಷಣ ತಣ್ಣೀರಿನ ತಟ್ಟೆಯಲ್ಲಿ ಬೋರಲು ಹಾಕಿ. ಲೋಟದ ಬೆನ್ನಿಗೆ ಒಂದು ತಣ್ಣನೆ ಒದ್ದೆ ಬಟ್ಟೆ ಹೊದಿಸಿ. ಕೆಲವು ನಿಮಿಷದಲ್ಲಿ ನೀರು ಒಳಗೆ ಏರುತ್ತದೆ. ಮೇಣದಬತ್ತಿಯಷ್ಟು ಅಲ್ಲ, ಆದರೆ ಕಾಣುವಷ್ಟು. ಏನೂ ಉರಿಯಲಿಲ್ಲ, ಆದರೂ ನೀರು ಏರಿತು. ಈಗ ಆಕ್ಸಿಜನ್ ಕಥೆಯನ್ನು ಏನು ಮಾಡೋಣ ಅಂತ ಅವಳನ್ನೇ ಕೇಳಿ.

ಪರೀಕ್ಷೆಯ ಮಾತು. ‘ಬತ್ತಿ ಯಾಕೆ ಆರಿತು’ ಅಂದರೆ ‘ಉರಿಯಲು ಬೇಕಾದಷ್ಟು ಆಕ್ಸಿಜನ್ ಉಳಿಯಲಿಲ್ಲ’ ಅಂತ ಬರೆಯಲಿ. ಅದು ಪೂರ್ತಿ ಸರಿ, ಯಾವ ಶಿಕ್ಷಕರೂ ತಪ್ಪು ಅನ್ನುವುದಿಲ್ಲ. ‘ನೀರು ಯಾಕೆ ಏರಿತು’ ಅಂತ ಬಂದರೆ ತೊಡಕು. ಪರೀಕ್ಷೆಯ ಕೋಣೆಯಲ್ಲಿ ಒಂಬತ್ತು ವರ್ಷದ ಮಗು ಪಠ್ಯದ ಜೊತೆ ಜಗಳ ಆಡುವುದು ನನಗೇನೂ ಇಷ್ಟವಿಲ್ಲ. ಅದಕ್ಕಿಂತ ಮೊದಲೇ ಒಂದು ದಿನ ಅವಳು ಆ ಬಿಸಿ ಲೋಟದ ಪ್ರಯೋಗವನ್ನು ಟೀಚರಿಗೆ ತೋರಿಸಲಿ. ‘ನೀವು ಹೇಳಿದ್ದು ತಪ್ಪು’ ಅಂತ ಅಲ್ಲ, ‘ಮನೆಯಲ್ಲಿ ಹೀಗಾಯಿತು, ಯಾಕೆ ಅಂತ ನೋಡ್ತೀರಾ?’ ಅಂತ. ನನ್ನ ಅನುಭವದಲ್ಲಿ ಹೆಚ್ಚಿನ ಶಿಕ್ಷಕರು ಇದನ್ನು ಖುಷಿಯಿಂದಲೇ ನೋಡುತ್ತಾರೆ. ಒಬ್ಬಿಬ್ಬರಿಗೆ ಹಿಡಿಸದಿರಬಹುದು. ಆಗ ಪರೀಕ್ಷೆಗೆ ಪಠ್ಯದ ಮಾತು, ತನ್ನ ನೋಟ್‌ಬುಕ್ಕಿಗೆ ತಾನು ಕಂಡದ್ದು ಅಂತ ಬೇರೆ ಬೇರೆ ಇಟ್ಟುಕೊಳ್ಳಲಿ. ಈ ವಯಸ್ಸಿನವರಿಗೆ ಆ ವ್ಯತ್ಯಾಸ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ನಿಮ್ಮ ದೊಡ್ಡ ಚಿಂತೆ: ವಿಜ್ಞಾನ ಗೊತ್ತಿಲ್ಲದ ನಾನು ಮನೆಯಲ್ಲಿ ಮಾಡಿಸಿದರೆ ಕೆಡುತ್ತದಾ?

ಗೊತ್ತಿಲ್ಲ ಅನ್ನುವುದರಿಂದ ಏನೂ ಕೆಡುವುದಿಲ್ಲ. ಗೊತ್ತಿಲ್ಲದೆ ಬಾಗಿಲು ಮುಚ್ಚುವುದರಿಂದ ಕೆಡುತ್ತದೆ. ‘ಯಾಕೆ?’ ಅನ್ನುವ ಪ್ರಶ್ನೆಗೆ ಉತ್ತರ ಹೇಳಲು ಪುಸ್ತಕ ಓದಿರಬೇಕು. ‘ಹೀಗೆ ಮಾಡಿದರೆ ಏನಾಗುತ್ತದೆ?’ ಅನ್ನುವ ಪ್ರಶ್ನೆಗೆ ಒಂದು ಲೋಟ, ಒಂದು ತಟ್ಟೆ ಸಾಕು. ಮೊದಲನೆಯದನ್ನು ಎರಡನೆಯದಾಗಿ ತಿರುಗಿಸುವುದಷ್ಟೇ ನಿಮ್ಮ ಕೆಲಸ. ನಿಮ್ಮ ಮಗಳು ಇದನ್ನು ತಾನಾಗಿಯೇ ಮಾಡಿದಳು ನೋಡಿ. ಬತ್ತಿ ಒಂದರ ಬದಲು ಎರಡು. ಉಳಿದದ್ದೆಲ್ಲ ಹಾಗೇ. ಶಾಲೆಯ ಪ್ರಯೋಗವನ್ನು ಮನೆಯಲ್ಲಿ ಬೆಳೆಸುವುದು ಅಂದರೆ ನನ್ನ ಪ್ರಕಾರ ಇಷ್ಟೇ: ಅದನ್ನೇ ಮತ್ತೆ ಮಾಡಬೇಕು, ಆದರೆ ಒಂದನ್ನು, ಒಂದನ್ನು ಮಾತ್ರ, ಬದಲಿಸಿ. ಮತ್ತು ಮಾಡುವ ಮುಂಚೆ ಏನಾಗಬಹುದು ಅಂತ ಊಹಿಸಿ ಬರೆದಿಡಬೇಕು. ಬರೆಯದಿದ್ದರೆ ಆಮೇಲೆ ಎಲ್ಲರೂ ‘ನಾನು ಹಾಗೇ ಅಂದುಕೊಂಡಿದ್ದೆ’ ಅನ್ನುತ್ತಾರೆ. ದೊಡ್ಡವರೇ ಇದರಲ್ಲಿ ಮುಂದೆ.

ಶಾಲೆಯಲ್ಲಿ ಇದಕ್ಕೆ ಪುರಸೊತ್ತು ಇರುವುದಿಲ್ಲ. ಒಂದು ಪೀರಿಯಡ್ಡು, ತುಂಬಿದ ತರಗತಿ, ಒಮ್ಮೆ ಮಾಡಿ ತೋರಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಎರಡನೇ ಸಲ, ಮೂರನೇ ಸಲ ಅನ್ನುವುದು ಮನೆಯಲ್ಲಿ ಮಾತ್ರ ಸಾಧ್ಯ. ನಿಮ್ಮ ಮನೆಯಲ್ಲಿ ಇರುವ ಲಾಭ ಅದೇ, ಕಿಟ್ ಅಲ್ಲ.

ಮಾದರಿಗೆ ಲೋಲಕ ತೆಗೆದುಕೊಳ್ಳಿ. ನನಗೆ ತುಂಬ ಇಷ್ಟದ್ದು, ಯಾಕೆಂದರೆ ಖರ್ಚಿಲ್ಲ, ಅಪಾಯ ಇಲ್ಲವೇ ಇಲ್ಲ ಅನ್ನುವಷ್ಟು, ಮತ್ತು ದೊಡ್ಡವರ ಊಹೆಯೂ ತಪ್ಪಾಗುತ್ತದೆ. ಒಂದು ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿ. ದಾರದ ಇನ್ನೊಂದು ತುದಿಯನ್ನು ಮೇಜಿನ ಅಂಚಿಗೆ ಅಂಟಿಸಿ. ಸ್ವಲ್ಪವೇ ಎಳೆದು ಬಿಟ್ಟರೆ ತೂಗುತ್ತದೆ. ಹೋಗಿ ವಾಪಸ್ ಬಂದರೆ ಒಂದು ತೂಗು. ಹತ್ತು ತೂಗಿಗೆ ಎಷ್ಟು ಸೆಕೆಂಡು? ಈಗ ಪ್ರಶ್ನೆ: ಬೇಗ ತೂಗಬೇಕಾದರೆ ಏನು ಬದಲಿಸಬೇಕು? ಭಾರವಾ, ದಾರದ ಉದ್ದವಾ, ಎಳೆಯುವ ದೂರವಾ? ಹೆಚ್ಚಿನವರು ‘ಭಾರ’ ಅನ್ನುತ್ತಾರೆ. ಮಾಡಿ ನೋಡಿದರೆ ಭಾರ ಲೆಕ್ಕಕ್ಕೇ ಬರುವುದಿಲ್ಲ. ಎಳೆಯುವ ದೂರವೂ, ಸಣ್ಣದಾಗಿ ಎಳೆದಷ್ಟು ಹೊತ್ತು, ಬಹುತೇಕ ಲೆಕ್ಕಕ್ಕಿಲ್ಲ. ಉದ್ದ ಒಂದೇ.

ದಾರ 25 ಸೆಂಟಿಮೀಟರ್ ಇದ್ದರೆ ಹತ್ತು ತೂಗಿಗೆ ಸುಮಾರು 10 ಸೆಕೆಂಡು. ಇಪ್ಪತ್ತು ಸೆಕೆಂಡು ಬೇಕಾದರೆ ದಾರ ಎಷ್ಟು ಉದ್ದ ಇರಬೇಕು? ಎಲ್ಲರೂ ‘50’ ಅನ್ನುತ್ತಾರೆ. ಕಟ್ಟಿ ನೋಡಲಿ, 14 ಸೆಕೆಂಡು ಬರುತ್ತದೆ. ಹುಡುಕುತ್ತಾ ಹೋದರೆ ಒಂದು ಮೀಟರಿಗೆ ಬಂದು ನಿಲ್ಲುತ್ತಾರೆ. ಎರಡು ಪಟ್ಟು ಹೊತ್ತಿಗೆ ನಾಲ್ಕು ಪಟ್ಟು ಉದ್ದ. ಅದರ ಸೂತ್ರ ಈಗಲೇ ಬೇಕಿಲ್ಲ. ಕೈಯಿಂದ ಕಂಡುಕೊಂಡದ್ದು ಸೂತ್ರ ಬರುವವರೆಗೆ ಕಾಯುತ್ತದೆ.

ಇಲ್ಲಿ ಎರಡು ಕಡೆ ಮಕ್ಕಳು ಎಡವುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ಒಂದು, ಕೈಬಿಟ್ಟ ಕೂಡಲೇ ‘ಒಂದು’ ಅಂತ ಎಣಿಸುತ್ತಾರೆ. ಬಿಟ್ಟಾಗ ‘ಸೊನ್ನೆ’, ವಾಪಸ್ ಬಂದಾಗ ‘ಒಂದು’. ಇದೊಂದು ತಪ್ಪಿಗೆ ಹತ್ತು ತೂಗು ಒಂಬತ್ತಾಗಿ ಲೆಕ್ಕವೆಲ್ಲ ಕೆಟ್ಟು ಕೂತ ತರಗತಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಎರಡು, ಭಾರ ಹೆಚ್ಚಿಸಲು ಒಂದು ನಟ್ಟಿನ ಕೆಳಗೆ ಇನ್ನೊಂದು ಕಟ್ಟುತ್ತಾರೆ. ಆಗ ಭಾರದ ಜೊತೆ ಉದ್ದವೂ ಬದಲಾಯಿತು! ನಟ್ಟುಗಳು ಅಕ್ಕಪಕ್ಕ ಇರಬೇಕು, ಉದ್ದವನ್ನು ನಟ್ಟಿನ ನಡುಭಾಗದವರೆಗೆ ಅಳೆಯಬೇಕು. ನಿಮ್ಮ ಮಗಳು ಈ ತಪ್ಪು ಮಾಡಿದರೆ ತಕ್ಷಣ ತಿದ್ದಬೇಡಿ. ‘ಏನೇನು ಬದಲಾಯಿತು, ಎಣಿಸು’ ಅನ್ನಿ.

ಮಂಜುಗಡ್ಡೆಯಿಂದಲೂ ಒಂದು ವಾರ ಕಳೆಯಬಹುದು. ಎರಡು ಸಮನಾದ ತುಂಡು ತೆಗೆದುಕೊಳ್ಳಿ. ಒಂದನ್ನು ಬಟ್ಟಲಿನಲ್ಲಿ ಸುಮ್ನೆ ಬಿಡಿ, ಇನ್ನೊಂದರ ಬಟ್ಟಲಿಗೆ ಉಣ್ಣೆ ಬಟ್ಟೆ ಸುತ್ತಿ. ಯಾವುದು ಮೊದಲು ಕರಗುತ್ತದೆ? ಚಿಕ್ಕವರು ‘ಉಣ್ಣೆ ಸುತ್ತಿದ್ದು’ ಅನ್ನುತ್ತಾರೆ. ಕಂಬಳಿ ಬಿಸಿ ಕೊಡುತ್ತದೆ ಅನ್ನುವುದು ಅವರ ಲೆಕ್ಕ, ನಾವು ಆಡುವ ಮಾತೂ ಹಾಗೇ ಇದೆ ಅಲ್ವಾ? ಕಂಬಳಿ ಬಿಸಿ ಕೊಡುವುದಿಲ್ಲ, ಬಿಸಿ ಓಡಾಡುವುದನ್ನು ನಿಧಾನ ಮಾಡುತ್ತದೆ. ಒಳಗೆ ನಾವಿದ್ದರೆ ಬಿಸಿ ಹೊರಗೆ ಹೋಗದು. ಒಳಗೆ ಮಂಜುಗಡ್ಡೆ ಇದ್ದರೆ ಬಿಸಿ ಒಳಗೆ ಬರದು. ಸುತ್ತಿದ್ದೇ ತಡವಾಗಿ ಕರಗುತ್ತದೆ.

ಇದರ ಮುಂದಿನದು ನನ್ನನ್ನೂ ಮೊದಲ ಸಲ ಬೇಸ್ತು ಬೀಳಿಸಿತ್ತು. ಒಂದು ಲೋಟದಲ್ಲಿ ಬರೀ ನೀರು, ಇನ್ನೊಂದರಲ್ಲಿ ಚೆನ್ನಾಗಿ ಉಪ್ಪು ಕರಗಿಸಿದ ನೀರು. ಎರಡೂ ಕೋಣೆಯ ಬಿಸಿಯಲ್ಲೇ ಇರಲಿ. ಒಂದೊಂದಕ್ಕೆ ಒಂದೊಂದು ಮಂಜುಗಡ್ಡೆ ಹಾಕಿ. ಉಪ್ಪು ಮಂಜನ್ನು ಕರಗಿಸುತ್ತದೆ ಅಂತ ಕೇಳಿದವರು ಉಪ್ಪುನೀರಿನದೇ ಬೇಗ ಅನ್ನುತ್ತಾರೆ. ಆಗುವುದು ತಿರುಗುಮುರುಗು. ಯಾಕೆ ಅನ್ನುವುದನ್ನು ಹೇಳುವ ಬದಲು ಮತ್ತೆ ಮಾಡಿಸಿ, ಈ ಸಲ ಬಣ್ಣ ಹಾಕಿ ಗಟ್ಟಿ ಮಾಡಿದ ಮಂಜುಗಡ್ಡೆಯಿಂದ. ಬರೀ ನೀರಿನಲ್ಲಿ ಕರಗಿದ ಬಣ್ಣದ ತಣ್ಣೀರು ಎಳೆ ಎಳೆಯಾಗಿ ತಳಕ್ಕೆ ಇಳಿಯುತ್ತದೆ, ಅದರ ಜಾಗಕ್ಕೆ ಬೆಚ್ಚಗಿನ ನೀರು ಮೇಲೆ ಬಂದು ಮಂಜನ್ನು ಕರಗಿಸುತ್ತಲೇ ಇರುತ್ತದೆ. ಉಪ್ಪುನೀರು ಭಾರ. ಅದರಲ್ಲಿ ಕರಗಿದ ಸಿಹಿನೀರು ಕೆಳಗೆ ಇಳಿಯಲಾರದೆ ಮಂಜುಗಡ್ಡೆಯ ಸುತ್ತಲೇ ತಣ್ಣಗೆ ತೇಲಿಕೊಂಡು ಕೂರುತ್ತದೆ. ಬಣ್ಣ ಇಷ್ಟನ್ನೂ ಕಣ್ಣೆದುರು ತೋರಿಸುತ್ತದೆ. ಈ ನೋಟಕ್ಕೆ ಯಾವ ವಿವರಣೆಯೂ ಸಾಟಿಯಲ್ಲ.

ತೇಲು–ಮುಳುಗು ಶಾಲೆಯಲ್ಲಿ ಆಗಿರುತ್ತದೆ. ಅದರಿಂದ ಮಕ್ಕಳು ಹೊತ್ತು ತರುವ ತಪ್ಪು ಒಂದೇ: ಭಾರದ್ದು ಮುಳುಗುತ್ತದೆ, ಹಗುರದ್ದು ತೇಲುತ್ತದೆ. ಆಟದ ಜೇಡಿಯನ್ನು ಉಂಡೆ ಮಾಡಿ ನೀರಿಗೆ ಹಾಕಲಿ, ಮುಳುಗುತ್ತದೆ. ಅದೇ ಜೇಡಿಯನ್ನು ದೋಣಿಯ ಹಾಗೆ ತಟ್ಟಲಿ, ತೇಲುತ್ತದೆ. ಭಾರ ಒಂದು ಚೂರೂ ಬದಲಾಗಿಲ್ಲ. ಆಮೇಲೆ ಯಾರ ದೋಣಿ ಎಷ್ಟು ಗೋಲಿ ಹೊರುತ್ತದೆ ಅಂತ ಪಂದ್ಯ ಕಟ್ಟಿದರೆ ಮಧ್ಯಾಹ್ನ ಹೋದದ್ದೇ ಗೊತ್ತಾಗುವುದಿಲ್ಲ.

ಬೀಜದ ಪ್ರಯೋಗ ಮನೆಯಲ್ಲಿ ಕೆಡುವುದು ಸಾಮಾನ್ಯವಾಗಿ ಪ್ರೀತಿ ಜಾಸ್ತಿಯಾಗಿ. ನೀರು ಸುರಿದು ಸುರಿದು ಬೀಜಕ್ಕೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತದ್ದನ್ನು ಎಸೆಯಬೇಡಿ, ‘ಎಷ್ಟು ನೀರು ಜಾಸ್ತಿ?’ ಅನ್ನುವ ಹೊಸ ಪ್ರಯೋಗಕ್ಕೆ ಅದೇ ಮೊದಲ ಲೋಟ. ಒಂದು ಲೋಟ ಬಿಸಿಲಲ್ಲಿ, ಇನ್ನೊಂದು ಕತ್ತಲ ಕಪಾಟಿನಲ್ಲಿ ಇಟ್ಟು ನೋಡುವಾಗ ಒಂದು ಲೋಟಕ್ಕೆ ಒಂದೇ ಬೀಜ ಹಾಕಬೇಡಿ, ಐದಾರಾದರೂ ಇರಲಿ. ಒಂದೇ ಇದ್ದರೆ ಅದು ಮೊಳೆಯದೆ ಹೋದದ್ದು ಕತ್ತಲಿಂದಲೋ ಬೀಜವೇ ಸತ್ತದ್ದರಿಂದಲೋ ಹೇಳುವುದು ಹೇಗೆ? ಮೊಳೆಯಲು ಬೆಳಕು ಬೇಕೇಬೇಕು ಅನ್ನುವುದು ಇಲ್ಲಿಯ ತಪ್ಪು ತಿಳಿವಳಿಕೆ. ಹೆಚ್ಚಿನ ಬೀಜಗಳು ಕತ್ತಲಲ್ಲೂ ಮೊಳೆಯುತ್ತವೆ. ಕಪಾಟಿನೊಳಗಿನ ಸಸಿ ಮೊದಲು ಬಿಸಿಲಿನದಕ್ಕಿಂತ ಉದ್ದವಾಗಿಯೂ ಬೆಳೆದುಬಿಡುತ್ತದೆ, ಬಿಳಚಿಕೊಂಡು, ಸೊರಗಿಕೊಂಡು, ಬೆಳಕು ಹುಡುಕುತ್ತಾ. ‘ಉದ್ದ ಇದ್ದರೆ ಚೆನ್ನಾಗಿದೆ ಅಂತಲಾ?’ ಅಂತ ಒಂದು ಸಲ ಕೇಳಿ ನೋಡಿ. ಒಂದು ಎಚ್ಚರಿಕೆ: ಬಿತ್ತಲೆಂದೇ ಮಾರುವ ಬೀಜಗಳಿಗೆ ಕೆಲವೊಮ್ಮೆ ಔಷಧಿ ಸವರಿರುತ್ತಾರೆ, ಬಣ್ಣ ಬಳಿದ ಹಾಗೆ ಕಾಣುತ್ತದೆ. ಅವು ಮಕ್ಕಳ ಕೈಗೆ ಬೇಡ.

ನಿಮ್ಮ ವಿಡಿಯೋ ಪ್ರಯೋಗಗಳು ಕೆಡುವುದಕ್ಕೆ ನೀವು ಕಾರಣ ಅಲ್ಲ. ವಿಡಿಯೋದಲ್ಲಿ ಹತ್ತನೇ ಸಲ ಆದದ್ದನ್ನು ತೋರಿಸಿ ಮೊದಲ ಒಂಬತ್ತನ್ನು ಕತ್ತರಿಸಿರುತ್ತಾರೆ. ಉಳಿದದ್ದು ಸಣ್ಣ ಸಣ್ಣ ಕಾರಣಗಳು. ಉಜ್ಜಿದ ಬಲೂನು ಗೋಡೆಗೆ ಅಂಟಲಿಲ್ಲವಾ? ಗಾಳಿಯಲ್ಲಿ ತೇವ ಇದ್ದರೆ ಆ ವಿದ್ಯುತ್ತು ನಿಲ್ಲುವುದಿಲ್ಲ. ಒಣ ದಿನ ನೋಡಿ ಮತ್ತೆ ಮಾಡಿ. ವಿನೆಗರ್ ಹಾಕಿದ ‘ಜ್ವಾಲಾಮುಖಿ’ ಪುಸ್ಸೆಂದಿತಾ? ಅಡುಗೆ ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಿದ್ದಿರಬಹುದು. ಅದರಲ್ಲಿ ಸೋಡಾ ಕಡಿಮೆ, ಹುಳಿ ಪುಡಿ ಆಗಲೇ ಬೆರೆತಿರುತ್ತದೆ, ಬರೀ ನೀರಿಗೂ ನೊರೆ ಬರುತ್ತದೆ. ಅದೇ ಒಂದು ಒಳ್ಳೆ ಪ್ರಯೋಗ: ಎರಡು ಬಿಳಿ ಪುಡಿ, ಬರೀ ನೀರು ಹಾಕಿ ಯಾವುದು ಯಾವುದು ಅಂತ ಪತ್ತೆ ಮಾಡು. ಜ್ವಾಲಾಮುಖಿಗಿಂತ ನನಗೆ ಇದು ಹೆಚ್ಚು ಇಷ್ಟ. ನಿಜ ಹೇಳಬೇಕೆಂದರೆ ಆ ಮಣ್ಣಿನ ಗುಡ್ಡಕ್ಕೂ ನಿಜವಾದ ಜ್ವಾಲಾಮುಖಿಗೂ ಸಂಬಂಧ ಕಡಿಮೆ. ಅಲ್ಲಿ ಹುಳಿಯೂ ಇಲ್ಲ, ಸೋಡಾವೂ ಇಲ್ಲ. ಕರಗಿದ ಬಂಡೆಯೊಳಗೆ ಬೆರೆತ ಅನಿಲ ಒತ್ತಡ ಇಳಿದಾಗ ಗುಳ್ಳೆಯಾಗಿ ಉಕ್ಕುವುದು, ಅಷ್ಟೇ ಹೋಲಿಕೆ.

ಈಗ ಅಪಾಯ. ಇಲ್ಲಿ ನಾನು ತಮಾಷೆ ಮಾಡುವುದಿಲ್ಲ.

ಬೆಂಕಿ ಕೊಡಬಹುದು, ಆದರೆ ಹಚ್ಚುವುದು ನೀವು. ಗಿಡ್ಡ ಮೇಣದಬತ್ತಿ ಇರಲಿ, ತಟ್ಟೆಯಲ್ಲಿ ನೀರು ಇರಲಿ, ಕೂದಲು ಕಟ್ಟಿರಲಿ, ಸಡಿಲ ತೋಳಿನ ಅಂಗಿ ಬೇಡ. ಲೋಟ ಜ್ವಾಲೆಗಿಂತ ಸಾಕಷ್ಟು ಎತ್ತರ ಇರಬೇಕು. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಸುರಿದು ಬೆಂಕಿ ಹಚ್ಚುವ ಯಾವ ಪ್ರಯೋಗವೂ ಮನೆಯಲ್ಲಿ ಬೇಡ, ನೀವು ಜೊತೆಗಿದ್ದರೂ ಬೇಡ. ಅದರ ಜ್ವಾಲೆ ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಆರಿತೆಂದು ಮತ್ತೆ ಸುರಿದಾಗ ಬಾಟಲಿಗೇ ಹತ್ತಿಕೊಳ್ಳುತ್ತದೆ.

ಸೋಡಾ ಮತ್ತು ವಿನೆಗರನ್ನು ಮುಚ್ಚಳ ಬಿಗಿದ ಬಾಟಲಿಯಲ್ಲಿ ಬೆರೆಸಬಾರದು. ಒಮ್ಮೆ ನಾನೇ ಬಿರಡೆ ಹಾಕಿ ‘ನೋಡೋಣ’ ಅಂದೆ. ಬಿರಡೆ ಹಾರಿ ಮೇಲಿನ ದೀಪ ಒಡೆಯಿತು. ಮಕ್ಕಳ ಕಣ್ಣಿಗೆ ತಗಲಲಿಲ್ಲ ಅನ್ನುವುದು ಅದೃಷ್ಟ, ನನ್ನ ಜಾಣತನ ಅಲ್ಲ. ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿದರೆ ಅದೇ ಅನಿಲ ಬಲೂನನ್ನು ಉಬ್ಬಿಸುತ್ತದೆ, ಅದು ಸಾಕು.

ನೆಲ, ಶೌಚಾಲಯ ತೊಳೆಯುವ ದ್ರವಗಳನ್ನು ಪ್ರಯೋಗಕ್ಕೆ ತರಲೇಬೇಡಿ. ಬ್ಲೀಚ್ ಜೊತೆ ವಿನೆಗರ್ ಅಥವಾ ಬೇರೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ‘ಎರಡು ಬೆರೆಸಿದರೆ ಏನಾಗುತ್ತದೆ?’ ಅನ್ನುವ ಪ್ರಶ್ನೆ ಕಲಿತ ಮಗು ಅದನ್ನು ಎಲ್ಲಿ ಬೇಕಾದರೂ ಕೇಳಬಹುದು. ಅದಕ್ಕೇ ನಮ್ಮ ನಿಯಮ ಹೀಗಿತ್ತು: ಹೊಸದೇನಾದರೂ ಬೆರೆಸುವ ಮುಂಚೆ ಒಬ್ಬ ದೊಡ್ಡವರಿಗೆ ಹೇಳಬೇಕು.

ವಿದ್ಯುತ್ತಿಗೆ 1.5 ವೋಲ್ಟಿನ ಮಾಮೂಲಿ ಸೆಲ್, ಸಣ್ಣ ಬಲ್ಬು, ತಂತಿ. ಇಷ್ಟರಲ್ಲಿ ಕಲಿಯುವುದು ಬೇಕಾದಷ್ಟಿದೆ. ಬಲ್ಬಿಲ್ಲದೆ ಸೆಲ್ಲಿನ ಎರಡು ತುದಿಗೆ ತಂತಿ ನೇರ ಜೋಡಿಸಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಇದನ್ನು ಮೊದಲೇ ಹೇಳಿಡಿ. ಫೋನಿನ ಬ್ಯಾಟರಿ, ಗೋಡೆಯ ಪ್ಲಗ್ಗು ಆಟಕ್ಕೆ ಇಲ್ಲ. ಭೂತಗನ್ನಡಿ ಕೊಟ್ಟರೆ ಅದರಿಂದಾಗಲಿ, ಬರಿಗಣ್ಣಿನಿಂದಾಗಲಿ ಸೂರ್ಯನನ್ನು ನೋಡುವಂತಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ನಿಮ್ಮ ಐದು ವರ್ಷದವನದ್ದು. ಗುಂಡಿಯಂಥ ಚಪ್ಪಟೆ ಬ್ಯಾಟರಿ ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಬಲವಾದ ಪುಟ್ಟ ಅಯಸ್ಕಾಂತಗಳನ್ನು ಎರಡು ಮೂರು ನುಂಗಿದರೆ ಅವು ಕರುಳಿನ ಗೋಡೆಗಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು. ವಾಂತಿ ಮಾಡಿಸುತ್ತಾ ಕೂರಬೇಡಿ, ಲಕ್ಷಣ ಕಾಣಲಿ ಅಂತ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಅನೇಕ ಕಿಟ್‌ಗಳಲ್ಲಿ ಈ ಎರಡೂ ಇರುತ್ತವೆ. ಮನೆಯಲ್ಲಿರುವ ಕಿಟ್ಟನ್ನು ಇವತ್ತೇ ಒಮ್ಮೆ ತೆರೆದು ನೋಡಿ.

ಅಲ್ಲಿಗೆ ಕಿಟ್ಟಿನ ಪ್ರಶ್ನೆ. ತರಬಾರದು ಅಂತ ನಾನು ಹೇಳುವುದಿಲ್ಲ. ಕೆಲವು ಮಕ್ಕಳಿಗೆ ಅದು ಒಳ್ಳೆಯ ಶುರು. ಅದರ ತೊಂದರೆ ಅಂದರೆ ಪ್ರಯೋಗ ಹೇಗೆ ಮುಗಿಯಬೇಕು ಅನ್ನುವುದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಚಿತ್ರದ ಹಾಗೆ ಬಂದರೆ ಮುಗಿಯಿತು, ಬಾರದಿದ್ದರೆ ಅಳು. ಕೇಳಲು ಉಳಿಯುವುದೇನು? ನಿಮ್ಮವಳು ಎರಡೇ ದಿನಕ್ಕೆ ಮುಗಿಸಿದ್ದು ಕಿಟ್ ಚಿಕ್ಕದಾದ್ದರಿಂದ ಅಲ್ಲ. ದೊಡ್ಡದು ತಂದರೆ ನಾಲ್ಕು ದಿನ. ಹಳೇ ಕಿಟ್ಟಿನಲ್ಲಿ ಉಳಿದ ಬಲ್ಬು, ಕೊಳವೆ, ಬಟ್ಟಲು ಇರುತ್ತವಲ್ಲ, ಅಪಾಯದವನ್ನು ತೆಗೆದು ಮಿಕ್ಕಿದ್ದನ್ನು ಒಂದು ಡಬ್ಬಿಗೆ ಹಾಕಿಕೊಡಿ. ಜೊತೆಗೆ ಅಳೆಯುವ ಟೇಪು, ಸೆಕೆಂಡು ತೋರಿಸುವ ಗಡಿಯಾರ, ಒಂದು ನೋಟ್‌ಬುಕ್ಕು. ಕೊಂಡದ್ದರಲ್ಲಿ ನಿಜವಾಗಿ ಬಳಕೆಗೆ ಬರುವುದು ಈ ಮೂರೇ.

ಗದ್ದಲ ಇಲ್ಲದ್ದು ಬೇಕಾದ ದಿನಗಳಿಗೆ ಚಂದ್ರ ಇದ್ದಾನೆ. ಕಂಡ ದಿನವೆಲ್ಲ ಆಕಾರ, ದಿಕ್ಕು, ಹೊತ್ತು ಬರೆದಿಡಲಿ. ಪ್ರತಿದಿನ ಸರಾಸರಿ 50 ನಿಮಿಷ ತಡವಾಗಿ ಹುಟ್ಟುವುದು, ಹಗಲಲ್ಲೂ ಕಾಣುವುದು ತಾನಾಗಿ ತಿಳಿಯುತ್ತದೆ. ಅರ್ಧಚಂದ್ರ ಆಗುವುದು ಭೂಮಿಯ ನೆರಳಿನಿಂದ ಅಂತ ಅವಳು, ಅಥವಾ ನೀವು, ಅಂದುಕೊಂಡಿದ್ದರೆ ಕತ್ತಲ ಕೋಣೆಯಲ್ಲಿ ಒಂದೇ ದೀಪ ಹಚ್ಚಿ, ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿದು, ನಿಂತಲ್ಲೇ ನಿಧಾನ ಸುತ್ತಲಿ. ತಲೆಯ ನೆರಳು ಬೀಳದೆಯೇ ಚೆಂಡು ಅರ್ಧ, ಪೂರ್ತಿ, ಮತ್ತೆ ಅರ್ಧ ಆಗುವುದು ಕಾಣುತ್ತದೆ.

ಒಂದು ಮಾತು ಸೇರಿಸಬೇಕು. ಪ್ರತಿ ಆಟವನ್ನೂ ಪಾಠ ಮಾಡಬೇಡಿ. ನೀರಲ್ಲಿ ಸುಮ್ನೆ ಆಡುತ್ತಿದ್ದರೆ ಆಡಲಿ ಬಿಡಿ. ‘ಇದರಿಂದ ಏನು ಕಲಿತೆ?’ ಅಂತ ದಿನಾ ಕೇಳಿಸಿಕೊಂಡ ಮಕ್ಕಳು ನಮ್ಮನ್ನು ಕಂಡರೆ ತಟ್ಟೆ ಲೋಟ ಎತ್ತಿಡುತ್ತಾರೆ.

ತಮ್ಮನಿಗೆ ಅಕ್ಕನ ಪ್ರಯೋಗದ ವಿವರಣೆ ಬೇಕಿಲ್ಲ. ಉದ್ದನೆ ಕಿರಿದಾದ ಲೋಟದ ನೀರನ್ನು ಅಗಲದ ಬಟ್ಟಲಿಗೆ ಸುರಿದು ‘ಈಗ ನೀರು ಜಾಸ್ತಿ ಆಯಿತಾ, ಕಡಿಮೆ ಆಯಿತಾ?’ ಅಂತ ಕೇಳಿ. ಕಡಿಮೆ ಆಯಿತು ಅನ್ನುತ್ತಾನೆ, ಬಹುಶಃ ಗಟ್ಟಿಯಾಗಿಯೇ. ಮಕ್ಕಳು ಯೋಚಿಸುವ ರೀತಿಯನ್ನು ಬಹಳ ಕಾಲ ಗಮನಿಸಿದ ಜೀನ್ ಪಿಯಾಜೆ ಕಂಡದ್ದೂ ಇದನ್ನೇ. ಸುಮಾರು ಏಳರ ತನಕ ಮಕ್ಕಳಿಗೆ ನೀರಿನ ಎತ್ತರವೇ ನೀರಿನ ಅಳತೆ. ತಿದ್ದಲು ಹೋಗಬೇಡಿ. ಸುರಿಯುವುದನ್ನು ಅವನ ಕೈಗೆ ಕೊಡಿ, ವಾಪಸ್ ಉದ್ದನೆ ಲೋಟಕ್ಕೂ ಅವನೇ ಸುರಿಯಲಿ. ಅಕ್ಕ ಅವನಿಗೆ ಪ್ರಶ್ನೆ ಕೇಳುವ ಕೆಲಸ ವಹಿಸಿಕೊಂಡರೆ ನಿಮಗೆ ಹತ್ತು ನಿಮಿಷ ಬಿಡುವೂ ಸಿಗುತ್ತದೆ. ಅಷ್ಟರಲ್ಲಿ ಬಿಸಿ ಲೋಟಕ್ಕೆ ನೀರು ಕಾಯಿಸಿ.